ವಾರ್ಸಾದ ಹಳೇ ಊರು ಎಷ್ಟು ಹಳೆಯದು?

ವಾರ್ಸಾದ ಅರಮನೆ ಚೌಕದಲ್ಲಿ ಎತ್ತರದ ಕಲ್ಲುಕಂಬವೊಂದಿದೆ. ಅದರ ತುದಿಯಲ್ಲಿ ಒಂದು ಕೈಯಲ್ಲಿ ಶಿಲುಬೆ, ಇನ್ನೊಂದು ಕೈಯಲ್ಲಿ ಖಡ್ಗ ಹಿಡಿದು ನಿಂತವನು ಮೂರನೇ ಜಿಗ್ಮುಂಟ್. ಪೋಲೆಂಡಿನ ದರ್ಬಾರನ್ನು ಕ್ರಾಕೋವ್‌ನಿಂದ ವಿಸ್ತುಲಾ ನದಿ ದಂಡೆಯ ಈ ಊರಿಗೆ ತಂದ ದೊರೆ. ಅವನ ನೆನಪಿಗೆಂದು ಮಗ 1644ರಲ್ಲಿ ನಿಲ್ಲಿಸಿದ ಕಂಬ ಕೆಂಪು ಛಾಯೆಯ ಪೋಲಿಷ್ ಕಲ್ಲಿನದು. ಅದು ಶಿಥಿಲವಾಯಿತೆಂದು 1880ರ ದಶಕದಲ್ಲಿ ಇಳಿಸಿ, ಇಟಲಿಯ ಗ್ರಾನೈಟ್ ಕಂಬ ಏರಿಸಿದರು. 1944ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೈನ್ಯದ ಗುಂಡಿಗೆ ಅದೂ ಮುರಿದು ಬಿತ್ತು. ಈಗ ಕಾಣುವುದು 1949ರ ಮೂರನೇ ಕಂಬ. ಅದರ ಕಲ್ಲು ಬಂದದ್ದು ಸ್ಟ್ಷೆಗೊಮ್‌ನಿಂದ, 1945ರವರೆಗೂ ಜರ್ಮನಿಗೆ ಸೇರಿದ್ದ ಸೀಮೆಯಿಂದ. ಮೇಲಿನ ಕಂಚಿನ ದೊರೆಯಷ್ಟೇ ಪೆಟ್ಟು ತಿಂದೂ ಉಳಿದುಕೊಂಡ ಹಳಬ. ಇಳಿಸಿದ ಮೊದಲ ಕಂಬವನ್ನೂ ಮುರಿದ ಎರಡನೆಯದನ್ನೂ ಅರಮನೆಯ ಪಕ್ಕದಲ್ಲೇ ಮಲಗಿಸಿದ್ದಾರೆ. ಹೋದವರು ಮುಟ್ಟಿ ನೋಡಬಹುದು.

ಈ ಸ್ಮಾರಕಕ್ಕೆ ಎಷ್ಟು ವರ್ಷವಾಯಿತು ಎಂದು ಕೇಳಿದರೆ ಉತ್ತರ ಒಂದೇ ಇರುವುದಿಲ್ಲ. ಚೌಕ ದಾಟಿ ಒಳಗೆ ಹೋದರೆ ಸಿಗುವ ಓಣಿಗಳು, ಬಣ್ಣಬಣ್ಣದ ಮನೆಗಳು, ಚರ್ಚುಗಳು, ಕೆಂಪಿಟ್ಟಿಗೆಯ ಕೋಟೆಗೋಡೆ ಎಲ್ಲದರ ಮುಂದೆಯೂ ಇದೇ ಪ್ರಶ್ನೆ ಏಳುತ್ತದೆ. ಇಲ್ಲಿನ ಬಹುತೇಕ ಕಟ್ಟಡಗಳು ಎದ್ದದ್ದು 1949ರಿಂದ ಈಚೆಗೆ. ಮಾರುಕಟ್ಟೆ ಚೌಕವನ್ನು ಜನರಿಗೆ ಬಿಟ್ಟುಕೊಟ್ಟದ್ದು 1953ರ ಜುಲೈ 22ರಂದು. ಆದರೂ 1980ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುರೋಪ್ ಪ್ರವಾಸದಲ್ಲಿ ವಾರ್ಸಾಕ್ಕೆ ಒಂದು ದಿನ ಕೊಡುವವರು ಇದನ್ನು 'ನಕಲಿ' ಎಂದು ಬೇಗ ತಳ್ಳಿಹಾಕುತ್ತಾರೆ, ಇಲ್ಲವೇ 'ಪವಾಡ' ಎಂದು ಬೇಗ ಹೊಗಳುತ್ತಾರೆ. ಎಂಬತ್ತು ವರ್ಷಗಳಿಂದ ವಾಸ್ತುಶಿಲ್ಪಿಗಳೂ ಇತಿಹಾಸಕಾರರೂ ಊರಿನವರೂ ನಡೆಸಿಕೊಂಡು ಬಂದಿರುವ ವಾದ ಈ ಎರಡು ಮಾತಿಗಿಂತ ಬಹಳ ದೊಡ್ಡದು. ಆ ವಾದ ಗೊತ್ತಿದ್ದವರಿಗೆ ಈ ಊರು ಬೇರೆಯಾಗಿಯೇ ಕಾಣುತ್ತದೆ.

ಕೆಡವಿದ್ದು ಹೇಗೆ

1939ರಲ್ಲಿ ವಾರ್ಸಾದ ಜನಸಂಖ್ಯೆ ಸುಮಾರು 13 ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಯಹೂದಿಗಳು. ಯುದ್ಧ ಶುರುವಾದ ಮೂರನೇ ವಾರ, ಸೆಪ್ಟೆಂಬರ್ 17ರಂದು, ರಾಜರ ಅರಮನೆಗೆ ಬೆಂಕಿ ಬಿತ್ತು. ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕ ಸ್ತಾನಿಸ್ವಾಫ್ ಲೊರೆಂಟ್ಸ್ ಮತ್ತು ಅವರ ಜೊತೆಗಾರರು ಚಿತ್ರಗಳನ್ನೂ ಗೋಡೆಯ ಕೆತ್ತನೆಗಳನ್ನೂ ಬಾಗಿಲುಗಳನ್ನೂ ಕೈಗೆ ಸಿಕ್ಕಷ್ಟು ಹೊತ್ತು ಸಾಗಿಸಿದರು. ಊರು ಕೈವಶವಾದ ಮೇಲೆ ಜರ್ಮನ್ ಯೋಜಕರು ವಾರ್ಸಾವನ್ನು ಒಂದು ಚಿಕ್ಕ ಜರ್ಮನ್ ಪಟ್ಟಣವಾಗಿ ಕುಗ್ಗಿಸುವ ನಕ್ಷೆಯನ್ನೂ ಬರೆದರು. ಅರಮನೆಯ ಗೋಡೆಗಳಲ್ಲಿ ಡೈನಮೈಟ್ ಇಡಲು ಸಾಲುಸಾಲು ತೂತು ಕೊರೆದರು.

1943ರ ಏಪ್ರಿಲ್ 19ರಂದು ಗೆಟ್ಟೊದಲ್ಲಿ ಕೂಡಿಹಾಕಿದ್ದ ಯಹೂದಿಗಳು ದಂಗೆ ಎದ್ದರು. ಮೇ 16ರ ಹೊತ್ತಿಗೆ ದಂಗೆಯನ್ನು ಹೊಸಕಿಹಾಕಿ, ಅದರ ಗುರುತಿಗೆಂದು ತ್ವೊಮಾಟ್ಸ್ಕಿಯೆ ಬೀದಿಯ ದೊಡ್ಡ ಸಿನಗಾಗ್ ಅನ್ನು ಸಿಡಿಸಿದರು. ಗೆಟ್ಟೊ ಇದ್ದ ಜಾಗ ಮನೆ ಮನೆಯೂ ಉರುಳಿ ಇಟ್ಟಿಗೆಯ ಬಯಲಾಯಿತು. ಮರುವರ್ಷ ಆಗಸ್ಟ್ 1ರಂದು ಇಡೀ ಊರಿನ ದಂಗೆ ಶುರುವಾಗಿ 63 ದಿನ ನಡೆಯಿತು. ಹಳೇ ಊರಿನಲ್ಲಿ ಹೋರಾಡಿದವರು ಕೊನೆಗೆ ಭೂಗತ ಚರಂಡಿಯ ಕೊಳವೆಗಳಲ್ಲಿ ತೆವಳಿಕೊಂಡು ಹೊರಬಿದ್ದರು. ಒಂದೂವರೆಯಿಂದ ಎರಡು ಲಕ್ಷ ನಾಗರಿಕರು ಸತ್ತರೆಂದು ಅಂದಾಜು.

ಆಮೇಲೆ ನಡೆದದ್ದು ಯುದ್ಧದ ಲೆಕ್ಕಕ್ಕೆ ಬರುವಂಥದ್ದಲ್ಲ. ಅಕ್ಟೋಬರ್ ಆರಂಭದಲ್ಲಿ ದಂಗೆ ಶರಣಾಯಿತು, ಉಳಿದ ಜನರನ್ನು ಊರಿನಿಂದ ಹೊರಗಟ್ಟಲಾಯಿತು. ಖಾಲಿ ಊರಿನಲ್ಲಿ ಬೆಂಕಿ ಹಚ್ಚುವ ದಳಗಳು ಬೀದಿಯಿಂದ ಬೀದಿಗೆ ಹೋದವು. ಹಸ್ತಪ್ರತಿ ಸಂಗ್ರಹಗಳು ಸುಟ್ಟವು, ಡಿಸೆಂಬರ್‌ನಲ್ಲಿ ಸ್ಯಾಕ್ಸನ್ ಅರಮನೆಯನ್ನು ಸಿಡಿಸಿದರು. 1945ರ ಜನವರಿ 17ರಂದು ಸೋವಿಯತ್ ಮತ್ತು ಪೋಲಿಷ್ ಪಡೆಗಳು ಒಳಬಂದಾಗ ನದಿಯ ಎಡದಂಡೆಯಲ್ಲಿ ಶೇ 85ರಷ್ಟು ಕಟ್ಟಡಗಳು ನೆಲಕಚ್ಚಿದ್ದವು. ಸುಮಾರು ಎರಡು ಕೋಟಿ ಘನ ಮೀಟರ್ ಕಲ್ಲುಮಣ್ಣಿನ ರಾಶಿ. ಇದು ಅಡ್ಡಾದಿಡ್ಡಿ ಬಾಂಬಿಗೆ ಸಿಕ್ಕ ಊರಲ್ಲ, ಹಟ ತೊಟ್ಟು ಅಳಿಸಿದ ಊರು. ಮುಂದಿನ ವಾದಗಳೆಲ್ಲ ಈ ಸಂಗತಿಯ ಮೇಲೆಯೇ ನಿಂತಿವೆ.

ಕಟ್ಟಬೇಕೇ, ಬಿಟ್ಟುಬಿಡಬೇಕೇ

ತಿರುಗಿ ಕಟ್ಟುವುದು ಆಗಿನವರಿಗೆ ಸಹಜವಾಗಿ ಹೊಳೆದ ದಾರಿಯೇನಲ್ಲ. ಹೆಚ್ಚು ಪೆಟ್ಟು ತಿನ್ನದ ವುಚ್ ನಗರಕ್ಕೆ ರಾಜಧಾನಿಯನ್ನು ಸಾಗಿಸೋಣ, ವಾರ್ಸಾದ ಅವಶೇಷವನ್ನು ಸ್ಮಾರಕವಾಗಿ ಹಾಗೇ ಬಿಡೋಣ ಎಂಬ ಮಾತುಗಳು ನಡೆದವು. ಆದರೆ ತೀರ್ಮಾನಕ್ಕೆ ಕಾಯುವಷ್ಟು ತಾಳ್ಮೆ ಊರಿನವರಿಗೆ ಇರಲಿಲ್ಲ. ಹಿಮದಲ್ಲೇ ನಡೆದುಕೊಂಡು ಬಂದು, ನೆಲಮಾಳಿಗೆಗಳಲ್ಲಿ ಒಲೆ ಹೂಡಿದರು. ಜನ ಬಂದುಬಿಟ್ಟಿದ್ದರು, ಸರ್ಕಾರ ಅವರ ಹಿಂದೆ ಬರಲೇಬೇಕಾಯಿತು. 1945ರ ಫೆಬ್ರುವರಿಯಲ್ಲಿ 'ರಾಜಧಾನಿ ಪುನರ್ನಿರ್ಮಾಣ ಕಚೇರಿ' ಶುರುವಾಯಿತು. ಪೋಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಎಲ್ಲರೂ ಅದನ್ನು 'ಬೋಸ್' ಎಂದೇ ಕರೆಯುತ್ತಿದ್ದರು. ಅದೇ ವರ್ಷ ಅಕ್ಟೋಬರ್ 26ರ ಸುಗ್ರೀವಾಜ್ಞೆ ನಗರದೊಳಗಿನ ನೆಲವನ್ನೆಲ್ಲ ಸರ್ಕಾರದ ಕೈಗೆ ಕೊಟ್ಟಿತು. ಆಗಿನ ನಾಯಕ ಬೊಲೆಸ್ವಾಫ್ ಬಿಯೆರುತ್ ಹೆಸರಿನಿಂದಲೇ ಜನ ಅದನ್ನು ಈಗಲೂ ಗುರುತಿಸುತ್ತಾರೆ. ಅದು ಇರದಿದ್ದರೆ ಹಳೇ ಊರನ್ನು ಒಂದೇ ಯೋಜನೆಯಾಗಿ ಕಟ್ಟಲು ಆಗುತ್ತಿರಲಿಲ್ಲ. ಅದು ಹುಟ್ಟಿಸಿದ ವ್ಯಾಜ್ಯ ಇನ್ನೂ ಮುಗಿದಿಲ್ಲ.

ಮೊದಲ ಪಂಥ: ಹಳೆಯದನ್ನು ಕಾಯಿರಿ, ಹೊಸದಾಗಿ ಕಟ್ಟಬೇಡಿ

ಯುರೋಪಿನ ಸ್ಮಾರಕ ಸಂರಕ್ಷಣೆಯ ಶಾಸ್ತ್ರ ವಾರ್ಸಾದ ಕೆಲಸವನ್ನು ಒಪ್ಪುವಂತಿರಲಿಲ್ಲ. ಇಂಗ್ಲೆಂಡಿನ ಜಾನ್ ರಸ್ಕಿನ್ 19ನೇ ಶತಮಾನದಲ್ಲೇ ಜೀರ್ಣೋದ್ಧಾರದ ಹೆಸರಿನ ಮರುಕಟ್ಟೋಣವನ್ನು ಸುಳ್ಳೆಂದು ಕರೆದಿದ್ದ. ಜರ್ಮನಿಯ ಗಿಯೊರ್ಗ್ ಡೇಹಿಯೊ ಇರುವುದನ್ನು ಉಳಿಸಿ, ಇಲ್ಲದ್ದನ್ನು ಕಟ್ಟಬೇಡಿ ಎಂದು ಪಟ್ಟು ಹಿಡಿದ. ವಿಯೆನ್ನಾದ ಆಲೊಯಿಸ್ ರೀಗ್ಲ್ 1903ರಲ್ಲಿ ಇನ್ನೂ ಆಳಕ್ಕೆ ಹೋದ. ಸವೆದ ಮೆಟ್ಟಿಲು, ಮಾಸಿದ ಬಣ್ಣ, ಕಾಲ ಕಲ್ಲಿನ ಮೇಲೆ ಬಿಟ್ಟ ಗುರುತುಗಳಿಗೇ ಒಂದು ಬೆಲೆಯಿದೆ, ಅದನ್ನು ಯಾವ ಕುಶಲಕರ್ಮಿಯೂ ಮತ್ತೆ ತರಲಾರ ಎಂದ. 1964ರ ವೆನಿಸ್ ಸನ್ನದು ಈ ನಿಲುವನ್ನೇ ಅಂತರರಾಷ್ಟ್ರೀಯ ನಿಯಮ ಮಾಡಿತು. ಬಿದ್ದ ಮೂಲ ಕಲ್ಲುಗಳನ್ನೇ ಜೋಡಿಸಬಹುದು, ಉತ್ಖನನದ ನೆಲದಲ್ಲಿ ಹೊಸದಾಗಿ ಕಟ್ಟುವುದು ಸಲ್ಲ ಎಂದಿತು.

ಈ ಪಂಥಕ್ಕೆ ಗಟ್ಟಿಯಾದ ನೆಲೆಯಿದೆ. ಹಳೆಯ ಗೋಡೆಯೊಂದು ಸಾಕ್ಷಿ ಇದ್ದ ಹಾಗೆ. ಅದನ್ನು ಕಟ್ಟಿದವನ ಕೈ, ಬಳಸಿದ ಗಾರೆ, ಮಾಡಿದ ತಪ್ಪು ಎಲ್ಲವೂ ಅದರಲ್ಲಿವೆ. ಹೊಸ ಗೋಡೆ ಹೇಳುವುದು ಅದನ್ನು ಕಟ್ಟಿಸಿದವರಿಗೆ ಗೊತ್ತಿದ್ದುದನ್ನು ಮಾತ್ರ. ಅರಸರ ಕಾಲದ ಮರಗೆಲಸ ಹೇಗಿತ್ತೆಂದು ತಿಳಿಯಲು ವಾರ್ಸಾಕ್ಕೆ ಹೋದರೆ 1950ರ ದಶಕದ ಮರಗೆಲಸವನ್ನು ಕಲಿತು ಬರುತ್ತೇವೆ. ಆದರೆ ಈ ಪಂಥದ ಹಿರಿಯರು ಎದುರಿಗಿಟ್ಟುಕೊಂಡಿದ್ದು ಕಾಲದಿಂದ ಹಾಳಾದ ಕಟ್ಟಡಗಳನ್ನು. ಒಂದು ಜನಾಂಗದ ನೆನಪನ್ನೇ ತೆಗೆದುಹಾಕಲು ಸರ್ಕಾರವೊಂದು ಊರು ಸುಟ್ಟಾಗ ಏನು ಮಾಡಬೇಕೆಂಬುದಕ್ಕೆ ಅವರಲ್ಲಿ ಉತ್ತರವಿಲ್ಲ.

ಎರಡನೇ ಪಂಥ: ಝಾಖ್ವಾತೋವಿಚ್ ಮತ್ತು ಮುಂದಿನ ಪೀಳಿಗೆಯ ಹಕ್ಕು

ಉತ್ತರ ಕೊಟ್ಟವರು ಯಾನ್ ಝಾಖ್ವಾತೋವಿಚ್. ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಆಮೇಲೆ ದೇಶದ ಸ್ಮಾರಕಗಳ ಮುಖ್ಯ ಸಂರಕ್ಷಣಾಧಿಕಾರಿ. ಯುದ್ಧಕ್ಕೆ ಮುಂಚೆ ಅಲ್ಲಿನ ವಾಸ್ತುಶಿಲ್ಪ ವಿಭಾಗದವರು ಹಳೆಯ ಕಟ್ಟಡಗಳ ಅಳತೆ ತೆಗೆದು ಸಾವಿರಾರು ನಕ್ಷೆ ಬರೆದಿದ್ದರು. ಜರ್ಮನರ ಕಾಲದಲ್ಲೂ ಈ ಕೆಲಸ ಕದ್ದುಮುಚ್ಚಿ ನಡೆಯಿತು. ದಂಗೆ ಮುರಿದ ಮೇಲೆ ಝಾಖ್ವಾತೋವಿಚ್ ಮತ್ತು ಜೊತೆಗಾರರು ಆ ನಕ್ಷೆಗಳನ್ನು ಸುಡುತ್ತಿದ್ದ ಊರಿನಿಂದ ಸಾಗಿಸಿ, ಪಿಯೊತ್ರ್ಕೂಫ್ ಪಟ್ಟಣದ ಕ್ರೈಸ್ತ ಮಠವೊಂದರಲ್ಲಿ ಬಚ್ಚಿಟ್ಟರು. ಇಡೀ ಪುನರ್ನಿರ್ಮಾಣದ ಕಥೆಯಲ್ಲಿ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುವುದು ಇದೇ ಗಳಿಗೆ. ಊಟಕ್ಕೆ ಗತಿಯಿಲ್ಲದಾಗ, ತಲೆಯ ಮೇಲೆ ಸೂರಿಲ್ಲದಾಗ, ಇನ್ನು ಇಲ್ಲವಾಗಲಿರುವ ಮನೆಗಳ ಕಿಟಕಿಯ ಅಳತೆ ಉಳಿಸಲು ಜನ ಜೀವ ಒತ್ತೆಯಿಟ್ಟರು.

1946ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಝಾಖ್ವಾತೋವಿಚ್ ಮುಂದಿಟ್ಟ ವಾದ ನೇರವಾಗಿತ್ತು. ಜನಾಂಗ ಮತ್ತು ಅದರ ಸ್ಮಾರಕಗಳು ಬೇರೆ ಬೇರೆಯಲ್ಲ. ಒಂದನ್ನು ಅಳಿಸಲು ಇನ್ನೊಂದನ್ನು ಸುಟ್ಟಿದ್ದಾರೆ, ಅದನ್ನು ಒಪ್ಪಿ ಕೈಕಟ್ಟಿ ಕೂರಲು ನಮಗೆ ಅಧಿಕಾರವಿಲ್ಲ. ಮುಂದೆ ಹುಟ್ಟುವವರಿಗೆ ಕನಿಷ್ಠ ಈ ಕಟ್ಟಡಗಳ ರೂಪವನ್ನಾದರೂ ಕಣ್ಣಿಗೆ ಕಾಣುವಂತೆ ಕೊಡಬೇಕು. ಸಂರಕ್ಷಣೆಯ ಶಾಸ್ತ್ರದ ಕಣ್ಣಿನಲ್ಲಿ ಇದು ಸುಳ್ಳೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಆ ನೋವನ್ನು ಅರಿತೇ ಮಾಡುತ್ತಿದ್ದೇವೆ ಎಂದರು. ತಾನು ಕಲಿತ ಶಾಸ್ತ್ರಕ್ಕೆ ತಾನೇ ಎದುರು ನಿಂತು, ಅದನ್ನು ಬಾಯಿಬಿಟ್ಟು ಹೇಳಿದ ಈ ನಿಲುವು ಯುದ್ಧೋತ್ತರ ಯುರೋಪಿನ ಪ್ರಾಮಾಣಿಕ ನಿಲುವುಗಳಲ್ಲಿ ಒಂದು ಎಂದು ನಾನು ತಿಳಿದಿದ್ದೇನೆ.

ಕಟ್ಟಿದ್ದು ಯಾವ ಕಾಲವನ್ನು?

ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುವ ಕಥೆ ಒಂದಿದೆ: ಕನಲೆಟ್ಟೊ ಬರೆದ ಚಿತ್ರಗಳನ್ನು ನೋಡಿ ಹಳೇ ಊರನ್ನು ಇದ್ದ ಹಾಗೇ ಕಟ್ಟಿದರು ಎಂದು. ಇದರಲ್ಲಿ ಅರ್ಧ ಸತ್ಯವಿದೆ. ಚಿತ್ರಗಾರ ಬೆರ್ನಾರ್ದೊ ಬೆಲೊಟ್ಟೊ, ವೆನಿಸ್‌ನ ಪ್ರಸಿದ್ಧ ಕನಲೆಟ್ಟೊನ ಸೋದರಳಿಯ. ಸೋದರಮಾವನ ಹೆಸರನ್ನೇ ಇಟ್ಟುಕೊಂಡಿದ್ದ. ದೊರೆ ಸ್ತಾನಿಸ್ವಾಫ್ ಆಗಸ್ಟ್ ಪೊನ್ಯಾತೋವ್ಸ್ಕಿಯ ಆಸ್ಥಾನದಲ್ಲಿದ್ದು 1770ರ ದಶಕದಲ್ಲಿ ವಾರ್ಸಾದ ಬೀದಿಗಳನ್ನು ಕಿಟಕಿಯ ಚೌಕಟ್ಟೂ ಬಿಡದಂತೆ ಬರೆದ. ಆ ಚಿತ್ರಗಳು ಈಗ ಅರಮನೆಯ ಕನಲೆಟ್ಟೊ ಕೋಣೆಯಲ್ಲಿವೆ. ವಾರ್ಸಾಕ್ಕೆ ಹೋದವರು ಅವುಗಳ ಮುಂದೆ ಸಾವಕಾಶವಾಗಿ ನಿಲ್ಲಬೇಕು. ಆದರೆ ಹಳೇ ಊರಿನ ಮಾರುಕಟ್ಟೆ ಚೌಕವನ್ನು ಅವನು ಬರೆದೇ ಇಲ್ಲ. ಅವನ ಚಿತ್ರಗಳು ನೆರವಾದದ್ದು ಮುಖ್ಯವಾಗಿ ಅರಮನೆಯಿಂದ ದಕ್ಷಿಣಕ್ಕೆ ಹೋಗುವ ಕ್ರಾಕೋವ್ಸ್ಕಿಯೆ ಪ್ಷೆದ್‌ಮ್ಯೆಶ್ಚೆ ಬೀದಿ ಮತ್ತು ಅದರ ಸುತ್ತಮುತ್ತಲ ಕಟ್ಟಡಗಳಿಗೆ. ಮಾರುಕಟ್ಟೆ ಚೌಕಕ್ಕೆ ಆಧಾರವಾದದ್ದು ಬಚ್ಚಿಟ್ಟಿದ್ದ ಅಳತೆಯ ನಕ್ಷೆಗಳು, ಹಳೆಯ ಫೋಟೊಗಳು ಮತ್ತು ನಿಂತಿದ್ದ ಗೋಡೆಯ ತುಂಡುಗಳು.

ಇನ್ನೂ ಮುಖ್ಯವಾದ ವಿಷಯ, 'ಇದ್ದ ಹಾಗೆ' ಎಂದರೆ ಯಾವಾಗ ಇದ್ದ ಹಾಗೆ ಎಂಬುದು. 1939ರ ಹಳೇ ಊರು ಬಡವರ ಕೇರಿಯಾಗಿತ್ತು. ಮನೆಗಳ ಮೇಲೆ ಮನೆ ಏರಿ, ಹಿತ್ತಿಲಲ್ಲೆಲ್ಲ ಕೊಠಡಿಗಳು ಎದ್ದು, ಗಾಳಿಬೆಳಕು ಕಡಿಮೆಯಾಗಿತ್ತು. ಚೌಕದ ಮುಖಗೋಡೆಗಳ ಮೇಲಿನ ಚಿತ್ರಾಲಂಕಾರ 1928ರಲ್ಲಿ ಕಲಾವಿದರು ಬರೆದದ್ದು. ಝಾಖ್ವಾತೋವಿಚ್ ತಂಡ ಆ ಇಕ್ಕಟ್ಟನ್ನು ಮರಳಿ ಕಟ್ಟಲಿಲ್ಲ. ಹಿತ್ತಿಲ ಕಟ್ಟಡಗಳನ್ನು ಕೈಬಿಟ್ಟು ಹಸಿರು ಅಂಗಳ ಮಾಡಿತು. 19ನೇ ಶತಮಾನ ಸೇರಿಸಿದ್ದ ಅಂತಸ್ತುಗಳನ್ನು ಹಲವೆಡೆ ಬಿಟ್ಟಿತು. ಮುಖಗೋಡೆಯ ಹಿಂದೆ ಸ್ನಾನದ ಮನೆ, ಕೊಳಾಯಿ, ಬಿಸಿನೀರು ಇರುವ ಫ್ಲಾಟುಗಳು ಬಂದವು. ಗೋಡೆಗಳ ಮೇಲಿನ ಸ್ಗ್ರಾಫಿಟೊ ಅಲಂಕಾರ, ಅಂದರೆ ಬಣ್ಣಬಣ್ಣದ ಗಾರೆಯ ಪದರಗಳನ್ನು ಹಸಿಯಾಗಿದ್ದಾಗಲೇ ಕೆರೆದು ಬಿಡಿಸುವ ಚಿತ್ರ, 1953ರ ಕಲಾವಿದರ ಸ್ವಂತ ಸೃಷ್ಟಿ.

ಸಂತ ಜಾನ್ ಕೆಥೆಡ್ರಲ್ ಇದಕ್ಕೆ ಕಣ್ಣಿಗೆ ಕಾಣುವ ಪುರಾವೆ. ಯುದ್ಧಕ್ಕೆ ಮುಂಚೆ ಅದಕ್ಕಿದ್ದದ್ದು 19ನೇ ಶತಮಾನದಲ್ಲಿ ಆದಮ್ ಇದ್ಜ್‌ಕೋವ್ಸ್ಕಿ ಕೊಟ್ಟಿದ್ದ, ಇಂಗ್ಲಿಷ್ ಗಾಥಿಕ್ ಮಾದರಿಯ ಅಲಂಕಾರದ ಮುಖ. ಝಾಖ್ವಾತೋವಿಚ್ ಅದನ್ನು ಮರಳಿ ಕಟ್ಟಲಿಲ್ಲ. ಮಜೋವಿಯಾ ಪ್ರಾಂತ್ಯದ ಮಧ್ಯಯುಗದ ಇಟ್ಟಿಗೆ ಚರ್ಚುಗಳು ಹೇಗಿರುತ್ತಿದ್ದವೋ ಹಾಗೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಳ ಇಟ್ಟಿಗೆಯ ಮುಖವನ್ನು ತಾವೇ ರಚಿಸಿದರು. ಎಂದರೆ ಈ ಮುಖ ಯಾವ ಕಾಲದಲ್ಲೂ ಹೀಗೇ ಇತ್ತೆಂದು ಹೇಳುವ ಹಾಗಿಲ್ಲ. ಪಕ್ಕದ ಓಣಿಗೆ ತಿರುಗಿದರೆ ಅದೇ ಕೆಥೆಡ್ರಲ್‌ನ ಗೋಡೆಯಲ್ಲಿ ಜರ್ಮನ್ ಸ್ಫೋಟಕ ವಾಹನವೊಂದರ ಚಕ್ರಪಟ್ಟಿಯ ತುಂಡನ್ನು ಹುದುಗಿಸಿಟ್ಟಿದ್ದಾರೆ. ಊಹೆಯಿಂದ ಕಟ್ಟಿದ ಮುಖ, ದಂಗೆಯ ದಿನಗಳ ಕಬ್ಬಿಣ, ಎರಡೂ ಒಂದೇ ಕಟ್ಟಡದಲ್ಲಿ ಸಿಗುತ್ತವೆ.

ಮೂರನೇ ಪಂಥ: ಬಿಸಿಲು ಬೀಳುವ ಹೊಸ ಊರು

ಬೋಸ್ ಕಚೇರಿಯಲ್ಲಿ ಎಲ್ಲರೂ ಝಾಖ್ವಾತೋವಿಚ್ ಥರದವರಲ್ಲ. ರೋಮಾನ್ ಪಿಯೊತ್ರೋವ್ಸ್ಕಿ, ಯೂಸೆಫ್ ಸಿಗಾಲಿನ್, ಹೆಲೆನಾ ಮತ್ತು ಷಿಮೊನ್ ಸಿರ್ಕುಸ್ ದಂಪತಿಯಂಥ ಆಧುನಿಕರು ಯುದ್ಧಕ್ಕೆ ಮುಂಚೆಯೇ ಗಾಳಿಬೆಳಕಿಲ್ಲದ ಬಾಡಿಗೆ ವಠಾರಗಳ ವಾರ್ಸಾವನ್ನು ದ್ವೇಷಿಸುತ್ತಿದ್ದವರು. ಅವರಿಗೆ ಈ ದುರಂತ ಒಳ್ಳೆಯ ಊರು ಕಟ್ಟಲು ಸಿಕ್ಕ ಅವಕಾಶವೂ ಆಯಿತು. ವಿಮರ್ಶಕ ಗ್ಜೆಗೋಷ್ ಪಿಯೊಂತೆಕ್ 2020ರಲ್ಲಿ ಬರೆದ ಪುಸ್ತಕ ಈ ಜನರ ಆದರ್ಶವನ್ನೂ ಅವಸರವನ್ನೂ ಮರಳಿ ಚರ್ಚೆಗೆ ತಂದಿತು. ಹಳೇ ಊರಿನ ಅಡಿಯಲ್ಲೇ ಸುರಂಗ ತೆಗೆದು 1949ರ ಜುಲೈ 22ರಂದು ತೆರೆದ ಪೂರ್ವ–ಪಶ್ಚಿಮ ಹೆದ್ದಾರಿ ಅವರ ಕಾಲದ ಹೆಮ್ಮೆ. ಅರಮನೆ ಚೌಕದಿಂದ ಕೆಳಗಿನ ಟ್ರಾಮ್ ನಿಲ್ದಾಣಕ್ಕೆ ಇಳಿಸುವ ಎಸ್ಕಲೇಟರ್ ಆ ಕೆಲಸದ ಭಾಗ.

ಇವರೇ ಉಳಿಸಬಹುದಾಗಿದ್ದ ಎಷ್ಟೋ 19ನೇ ಶತಮಾನದ ಕಟ್ಟಡಗಳನ್ನು ಬಂಡವಾಳಶಾಹಿ ಕಾಲದ ಕಸವೆಂದು ಕೆಡವಿದರು, ಇಲ್ಲವೇ ಅವುಗಳ ಅಲಂಕಾರ ಕಿತ್ತು ಬೋಳು ಮಾಡಿದರು. ವಾರ್ಸಾದ ಪುನರ್ನಿರ್ಮಾಣ ಉಳಿಸುವುದರಿಂದ ಎಷ್ಟೋ ಅಷ್ಟೇ ಕೆಡವುವುದರಿಂದಲೂ ನಡೆಯಿತು ಎಂಬುದನ್ನು ಹೊಗಳುವವರು ಹೇಳುವುದಿಲ್ಲ. ಆಧುನಿಕರ ವಾದಕ್ಕೆ ಹುರುಳಿಲ್ಲವೆಂದೂ ಅಲ್ಲ. ಆ ವಠಾರಗಳಲ್ಲಿ ಬದುಕಿದವರು ಅವುಗಳ ಬಗ್ಗೆ ಹಂಬಲಿಸಿ ಬರೆದದ್ದು ಕಡಿಮೆ.

ನಾಲ್ಕನೇ ಪಂಥ: ಪಕ್ಷಕ್ಕೆ ಅರಮನೆ ಏಕೆ ಬೇಕಾಯಿತು

ದೇವರನ್ನೂ ದೊರೆಗಳನ್ನೂ ಒಪ್ಪದ ಕಮ್ಯುನಿಸ್ಟ್ ಸರ್ಕಾರ ಚರ್ಚುಗಳನ್ನೂ ಶ್ರೀಮಂತರ ಮನೆಗಳನ್ನೂ ಏಕೆ ಕಟ್ಟಿತು? ಪಿಯೊತ್ರ್ ಮಾಯೆವ್ಸ್ಕಿಯಂಥ ಇತಿಹಾಸಕಾರರು ಹಿಡಿದದ್ದು ಈ ಎಳೆಯನ್ನು. ಮಾಸ್ಕೋದ ಬೆಂಬಲದಿಂದ ಬಂದ ಆಳ್ವಿಕೆಗೆ ಪೋಲಿಷ್ ಜನರ ಒಪ್ಪಿಗೆ ಬೇಕಿತ್ತು. ರಾಜಧಾನಿಯನ್ನು ಕಟ್ಟುವುದರಷ್ಟು ಎಲ್ಲರಿಗೂ ಬೇಕಾದ ಕೆಲಸ ಇನ್ನೊಂದಿರಲಿಲ್ಲ. 'ಇಡೀ ನಾಡು ತನ್ನ ರಾಜಧಾನಿ ಕಟ್ಟುತ್ತಿದೆ' ಎಂಬ ಘೋಷಣೆ ಎಲ್ಲೆಲ್ಲೂ ಮೊಳಗಿತು, ವಂತಿಗೆ ಎತ್ತಲು ನಿಧಿಯೊಂದು ಹುಟ್ಟಿತು. ಕಟ್ಟಡಗಳ ಉದ್ಘಾಟನೆಗಳೆಲ್ಲ ಜುಲೈ 22ಕ್ಕೇ ಬಿದ್ದದ್ದು ಅದು ಆ ಆಳ್ವಿಕೆಯ ರಾಷ್ಟ್ರೀಯ ಹಬ್ಬವಾದ್ದರಿಂದ. ಸೋವಿಯತ್ ಉಡುಗೊರೆಯಾಗಿ 1952ರಿಂದ 1955ರವರೆಗೆ ಎದ್ದ 237 ಮೀಟರ್ ಎತ್ತರದ ಸಂಸ್ಕೃತಿ ಮತ್ತು ವಿಜ್ಞಾನ ಅರಮನೆ ಊರಿನ ಬೇರೊಂದು ಕೇಂದ್ರವನ್ನೇ ಸೃಷ್ಟಿಸಿತು.

ಈ ಓದಿಗೆ ಬಲ ಕೊಡುವುದು ರಾಜರ ಅರಮನೆಯ ಕಥೆ. 1791ರ ಮೇ 3ರ ಸಂವಿಧಾನ ಅಂಗೀಕಾರವಾದ ಜಾಗ ಅದು. ಅದರ ನಿವೇಶನ ಕಾಲು ಶತಮಾನ ಖಾಲಿ ಬಿತ್ತು; ಪಕ್ಷ ಮನಸ್ಸು ಮಾಡಲಿಲ್ಲ. 1970ರ ಡಿಸೆಂಬರ್‌ನಲ್ಲಿ ಬಾಲ್ಟಿಕ್ ಬಂದರುಗಳ ಕಾರ್ಮಿಕರ ಮೇಲೆ ಗುಂಡು ಹಾರಿ ರಕ್ತ ಚೆಲ್ಲಿದ ಮೇಲೆ ಅಧಿಕಾರಕ್ಕೆ ಬಂದ ಎಡ್ವರ್ಡ್ ಗಿಯೆರೆಕ್, ತಿಂಗಳೊಳಗೆ ಅರಮನೆ ಕಟ್ಟುವ ತೀರ್ಮಾನ ಪ್ರಕಟಿಸಿದ. ಲೊರೆಂಟ್ಸ್ ಮೊದಲಾದವರು 1939ರಲ್ಲಿ ಹೊತ್ತು ಉಳಿಸಿದ್ದ ಬಾಗಿಲು, ಕೆತ್ತನೆ, ಚೌಕಟ್ಟುಗಳು ಹೊಸ ಗೋಡೆಗಳಲ್ಲಿ ತಮ್ಮ ಹಳೆಯ ಜಾಗಕ್ಕೆ ಹೋಗಿ ಕೂತವು. ದೇಶದ ಒಳಗಿನಿಂದಲೂ ಹೊರಗೆ ನೆಲೆಸಿದ ಪೋಲರಿಂದಲೂ ಹಣ ಬಂತು. 1984ರಲ್ಲಿ ಅರಮನೆ ಜನರಿಗೆ ತೆರೆಯಿತು.

ರಾಜಕೀಯದ ಓದು ಕಾಲವನ್ನು ಚೆನ್ನಾಗಿ ವಿವರಿಸುತ್ತದೆ: ಯಾವಾಗ ಕಟ್ಟಿದರು, ಯಾವಾಗ ತಡೆದರು ಎಂಬುದನ್ನು. ಭಾನುವಾರಗಳಲ್ಲಿ ಬಂದು ಇಟ್ಟಿಗೆ ಹೊತ್ತವರ ಮನಸ್ಸಿನಲ್ಲಿ ಏನಿತ್ತೆಂಬುದು ಅದರ ಕೈಗೆ ಸಿಗುವುದಿಲ್ಲ.

ಇಟ್ಟಿಗೆ ಎಲ್ಲಿಂದ ಬಂತು

ಇನ್ನೊಂದು ಲೆಕ್ಕ ವಾರ್ಸಾದ ಹೊರಗೆ ಕೇಳಿಬರುತ್ತದೆ. ಯುದ್ಧಾನಂತರ ಜರ್ಮನಿಯಿಂದ ಪೋಲೆಂಡಿಗೆ ಸೇರಿದ ಪಶ್ಚಿಮದ ನಗರಗಳಿಂದ, ಮುಖ್ಯವಾಗಿ ವ್ರೊತ್ಸ್ವಾಫ್ ಮತ್ತು ಷ್ಚೆಚಿನ್‌ನಿಂದ, ರೈಲುಗಟ್ಟಲೆ ಇಟ್ಟಿಗೆ ರಾಜಧಾನಿಗೆ ಹೋಯಿತು. ಬಿದ್ದ ಗೋಡೆಗಳ ಇಟ್ಟಿಗೆ ಮಾತ್ರ ಹೋಗಲಿಲ್ಲ. ದುರಸ್ತಿ ಮಾಡಬಹುದಾಗಿದ್ದ ಮನೆಗಳನ್ನೂ ಇಟ್ಟಿಗೆಗಾಗಿ ಕೆಡವಿದರು. ಒಂದು ಊರಿನ ಹಳಮೆಯನ್ನು ಕಟ್ಟಲು ಇನ್ನೊಂದು ಊರಿನ ಹಳಮೆ ಕರಗಿತು. ಆಗ ಅದು ಶತ್ರುವಿನ ಇಟ್ಟಿಗೆ ಎನಿಸಿದ್ದರಿಂದ ಯಾರೂ ಕೇಳಲಿಲ್ಲ. ಈಗ ಆ ಊರುಗಳಲ್ಲೇ ಹುಟ್ಟಿ ಬೆಳೆದ ಪೋಲಿಷ್ ಪೀಳಿಗೆ ಕೇಳುತ್ತಿದೆ.

ಐದನೇ ಪಂಥ: ಯಾರ ನೆನಪು?

ಹಳೇ ಊರಿನಿಂದ ವಾಯುವ್ಯಕ್ಕೆ ಅರ್ಧ ಗಂಟೆಯೊಳಗೆ ನಡೆದು ಮುಟ್ಟಬಹುದಾದ ಬಡಾವಣೆ ಮುರಾನೂಫ್. ನನ್ನ ಮಟ್ಟಿಗೆ ವಾರ್ಸಾದ ಪ್ರಶ್ನೆ ತನ್ನ ಪೂರ್ತಿ ಭಾರದೊಂದಿಗೆ ಎದುರಾಗುವುದು ಇಲ್ಲಿ. ಗೆಟ್ಟೊದ ನಡುಭಾಗ ಇದ್ದ ನೆಲ ಇದು. ಇಲ್ಲಿನ ರಾಶಿಯನ್ನು ಪೂರ್ತಿ ಸಾಗಿಸುವುದು ಆಗದ ಮಾತೆಂದು, ವಾಸ್ತುಶಿಲ್ಪಿ ಬೊಹ್ದಾನ್ ಲಾಖೆರ್ಟ್ ಅದರ ಮೇಲೆಯೇ ಬಡಾವಣೆ ಯೋಜಿಸಿದರು. ಇಟ್ಟಿಗೆಯ ಚೂರನ್ನು ಪುಡಿಮಾಡಿ, ಸಿಮೆಂಟ್ ಬೆರೆಸಿ ಅಚ್ಚು ಹಾಕಿ, ಅದರಿಂದಲೇ ಗೋಡೆ ಎಬ್ಬಿಸಿದರು. ಮನೆಗಳು ದಿಬ್ಬದ ಮೇಲಿವೆ. ಬೀದಿಯಿಂದ ಬಾಗಿಲಿಗೆ ಮೆಟ್ಟಿಲು ಹತ್ತಿ ಹೋಗಬೇಕು. ಆ ದಿಬ್ಬವೇ ಗೆಟ್ಟೊ. ಗೋಡೆಗೆ ಗಿಲಾವು ಬೇಡ, ತುಕ್ಕಿನ ಬಣ್ಣದ ಆ ಒರಟು ಮೈಯೇ ಇಲ್ಲಿ ನಡೆದದ್ದನ್ನು ಹೇಳಲಿ ಎಂಬುದು ಲಾಖೆರ್ಟ್ ಆಸೆಯಾಗಿತ್ತು. ಆದರೆ ಬೇಗನೇ ಗಿಲಾವು ಬಳಿದು ಬಣ್ಣ ಹಚ್ಚಿದರು. ಹೊಸ ಸಮಾಜದ ಮನೆ ನಗುನಗುತ್ತಿರಬೇಕೆಂಬುದು ಆಗಿನ ಕಲಾನೀತಿ.

ಮುರಾನೂಫ್‌ನಲ್ಲಿ ಹಳೆಯ ಮುಖಗೋಡೆಗಳನ್ನು ಯಾರೂ ಮರಳಿ ಕಟ್ಟಲಿಲ್ಲ. ಯಾರಿಗಾಗಿ ಕಟ್ಟಬೇಕಿತ್ತೋ ಅವರು ಉಳಿದಿರಲಿಲ್ಲ. ಈ ನೆಲದಿಂದ ಎದ್ದು ಬಂದದ್ದು ಕಾಗದ. ಇತಿಹಾಸಕಾರ ಎಮಾನುಯೆಲ್ ರಿಂಗೆಲ್ಬ್ಲುಮ್ ಮತ್ತು ಅವರ ಗುಂಪು ಗೆಟ್ಟೊದೊಳಗಿನ ಬದುಕಿಗೆ ಸಾಕ್ಷಿಯಾಗುವ ಡೈರಿ, ರೇಷನ್ ಚೀಟಿ, ಮಕ್ಕಳ ಬರಹ, ಭಿತ್ತಿಪತ್ರಗಳನ್ನು ಕೂಡಿಟ್ಟು ಹೂತಿದ್ದರು. 1946ರಲ್ಲಿ ತಗಡಿನ ಪೆಟ್ಟಿಗೆಗಳೂ 1950ರಲ್ಲಿ ಎರಡು ಹಾಲಿನ ಕ್ಯಾನುಗಳೂ ಸಿಕ್ಕವು. ಮೂರನೆಯ ಗಂಟು ಸಿಗಲೇ ಇಲ್ಲ. ಸಿಕ್ಕ ಕಾಗದಗಳು ಯಹೂದಿ ಇತಿಹಾಸ ಸಂಸ್ಥೆಯಲ್ಲಿವೆ. ಅದರ ಪಕ್ಕದಲ್ಲೇ ದೊಡ್ಡ ಸಿನಗಾಗ್ ಇದ್ದ ಜಾಗ. ಅಲ್ಲೀಗ ಗಾಜಿನ ಗಗನಚುಂಬಿ ನಿಂತಿದೆ.

ಈ ಪಂಥದವರು ಕೇಳುವುದಿಷ್ಟು. ಜನಾಂಗದ ನೆನಪನ್ನು ಉಳಿಸಲು ಕಟ್ಟಿದೆವು ಎನ್ನುವಾಗ ಆ ಜನಾಂಗದೊಳಗೆ ಯಾರನ್ನು ಎಣಿಸಿದಿರಿ? ಝಾಖ್ವಾತೋವಿಚ್ ವಾದವನ್ನು ಒಪ್ಪಿದವನಾಗಿಯೂ ಈ ಪ್ರಶ್ನೆಯನ್ನು ದಾಟಿ ಹೋಗುವುದು ನನ್ನಿಂದಾಗದು. 1948ರಲ್ಲೇ ನಾಥನ್ ರಾಪೊಪೋರ್ಟ್ ರಚಿಸಿದ ಗೆಟ್ಟೊ ವೀರರ ಸ್ಮಾರಕ ಇಲ್ಲಿ ನಿಂತಿತು ನಿಜ. ಅದರ ಮುಂದೆಯೇ 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ಮಂಡಿಯೂರಿದರು. ಆದರೆ ಸಾವಿನ ಸ್ಮಾರಕಕ್ಕೂ ಬದುಕಿನ ಸ್ಮಾರಕಕ್ಕೂ ಅಂತರವಿದೆ. ಪೋಲಿಷ್ ಯಹೂದಿಗಳ ಸಾವಿರ ವರ್ಷದ ಬದುಕನ್ನು ಹೇಳುವ 'ಪೋಲಿನ್' ವಸ್ತುಸಂಗ್ರಹಾಲಯದ ಮುಖ್ಯ ಪ್ರದರ್ಶನ ತೆರೆಯಲು 2014 ಬರಬೇಕಾಯಿತು.

ಯುನೆಸ್ಕೊ ಏನನ್ನು ಒಪ್ಪಿತು

ಪೋಲೆಂಡಿನಲ್ಲೇ ಇರುವ ಆಶ್ವಿಟ್ಸ್ ನಾಜಿ ಶಿಬಿರ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. ವಾರ್ಸಾದ ಅರ್ಜಿಗೆ ಅನುಮಾನಗಳು ಎದುರಾಗಿ, ಅದು 1980ರವರೆಗೆ ಕಾಯಿತು. ಕೊನೆಗೆ ಯುನೆಸ್ಕೊ ಒಪ್ಪಿದ್ದು 17 ಅಥವಾ 18ನೇ ಶತಮಾನದ ಊರನ್ನಲ್ಲ. ಸುಟ್ಟ ಊರನ್ನು ಇಷ್ಟು ಪೂರ್ತಿಯಾಗಿ ಎಬ್ಬಿಸಿದ 20ನೇ ಶತಮಾನದ ಕೆಲಸವನ್ನೇ ಅದು ಪರಂಪರೆ ಎಂದು ಗುರುತಿಸಿತು. ಅದೇ ಹೊತ್ತಿನಲ್ಲಿ ಮುಂದಿನವರಿಗೆ ಬಾಗಿಲನ್ನೂ ಕಿರಿದು ಮಾಡಿತು: ಮರುಕಟ್ಟೋಣ ಮೂಲದ ಪೂರ್ಣ ವಿವರದ ದಾಖಲೆಗಳ ಮೇಲೆ ನಡೆದಿರಬೇಕು, ಊಹೆಗೆ ಜಾಗವಿರಬಾರದು ಎಂಬ ನಿಯಮ ಬಂತು. ಆ ಅಳತೆಗೋಲನ್ನು ವಾರ್ಸಾದ ಕೆಥೆಡ್ರಲ್ ಮುಖಕ್ಕೇ ಹಿಡಿದರೆ ಅದು ನಿಲ್ಲುವುದು ಕಷ್ಟ.

1994ರ ನಾರಾ ದಾಖಲೆ, ಯಾವುದು ಅಸಲಿ ಎಂಬುದನ್ನು ಆಯಾ ಸಂಸ್ಕೃತಿಯ ಒಳಗಿನಿಂದ ನೋಡಬೇಕೆಂದು ಹೇಳಿ ಹಳೆಯ ಬಿಗಿಯನ್ನು ಸಡಿಲಿಸಿತು. 2011ರಲ್ಲಿ ಬೋಸ್ ಕಚೇರಿಯ ಕಡತಗಳೇ ಯುನೆಸ್ಕೊದ 'ಜಗತ್ತಿನ ಸ್ಮೃತಿ' ಪಟ್ಟಿ ಸೇರಿದವು. ಈಗಿನ ಹಲವು ವಿದ್ವಾಂಸರು ಹಳೇ ಊರನ್ನು 1950ರ ದಶಕದ ಒಂದು ಮಹತ್ವದ ಕೃತಿಯಾಗಿಯೇ ಓದುತ್ತಾರೆ. ನನಗೂ ಇದೇ ಸರಿ ಎನಿಸುತ್ತದೆ. ಪ್ರವಾಸಿಗಳು ಬ್ಜೊಜೋವಾ ಬೀದಿಯಲ್ಲಿರುವ ಪುನರ್ನಿರ್ಮಾಣದ ಪುಟ್ಟ ಸಂಗ್ರಹಾಲಯವನ್ನು ಮೊದಲು ನೋಡಿ, ಆಮೇಲೆ ಮಾರುಕಟ್ಟೆ ಚೌಕಕ್ಕೆ ಹೋದರೆ ಒಳ್ಳೆಯದು. ಆಗ ಗೋಡೆಯ ಮೇಲಿನ ಗೀರುಗಳಲ್ಲಿ ಅವನ್ನು ಗೀರಿದವರ ಕಾಲವೂ ಕಾಣುತ್ತದೆ.

ಇನ್ನೂ ತೀರದ ಮಾತುಗಳು

ಮೊದಲನೆಯದು ಸ್ಯಾಕ್ಸನ್ ಅರಮನೆ. 1944ರ ಸ್ಫೋಟದಲ್ಲಿ ಅದರ ಕಮಾನುಗಳ ಒಂದು ತುಂಡು ಮಾತ್ರ ಉಳಿಯಿತು. ಅದರಡಿ 1925ರಿಂದ ಇದ್ದ ಅಜ್ಞಾತ ಸೈನಿಕನ ಸಮಾಧಿಯೂ ಉಳಿಯಿತು. 2021ರಲ್ಲಿ ಪೋಲಿಷ್ ಸಂಸತ್ತು ಇಡೀ ಅರಮನೆಯನ್ನು ಮತ್ತೆ ಕಟ್ಟುವ ಕಾನೂನು ಮಾಡಿತು. ಪರವಾಗಿರುವವರು ಝಾಖ್ವಾತೋವಿಚ್ ಮಾತನ್ನೇ ಎತ್ತುತ್ತಾರೆ: ಶತ್ರು ಕೆಡವಿದ್ದನ್ನು ಬಿದ್ದಲ್ಲೇ ಬಿಡಬಾರದು. ವಿರೋಧಿಸುವವರ ಪ್ರಕಾರ ಆ ಮುರಿದ ಕಮಾನೇ ಈಗ ಸ್ಮಾರಕ. ಅರಮನೆ ಎದ್ದರೆ ಗಾಯದ ಗುರುತು ಅದರೊಳಗೆ ಕರಗಿಹೋಗುತ್ತದೆ. ನನ್ನ ಒಲವು ಎರಡನೆಯವರ ಕಡೆಗಿದೆ. 1945ರಲ್ಲಿ ಕಟ್ಟಿದವರು ತಾವು ಕಂಡು ಬಾಳಿದ ಊರನ್ನು ಕಟ್ಟಿದರು. ಈಗ ಕಟ್ಟುವವರಲ್ಲಿ ಆ ಅರಮನೆಯನ್ನು ಕಂಡವರು ಇಲ್ಲವೆಂದೇ ಹೇಳಬಹುದು. ಎಂಬತ್ತು ವರ್ಷ ನಿಂತ ಆ ಕಮಾನಿಗೂ ತನ್ನದೇ ಇತಿಹಾಸ ಬೆಳೆದಿದೆ.

ಎರಡನೆಯದು ನೆಲದ ಒಡೆತನ. 1945ರ ಸುಗ್ರೀವಾಜ್ಞೆಯಿಂದ ಆಸ್ತಿ ಕಳೆದುಕೊಂಡವರ ವಾರಸುದಾರರಿಗೆ ಏನು ಸಲ್ಲಬೇಕು? ಅವರಲ್ಲಿ ಹಲವರು ಗೆಟ್ಟೊದಲ್ಲಿ ಸತ್ತ ಯಹೂದಿಗಳ ವಂಶದವರು. ಆ ಮನೆಗಳಲ್ಲೇ ಎರಡು ಮೂರು ತಲೆಮಾರು ಬದುಕಿದ ಬಾಡಿಗೆದಾರರ ಗತಿ ಏನು? ಹಕ್ಕುಪತ್ರಗಳ ವ್ಯಾಪಾರದ ಹಗರಣ 2016ರಲ್ಲಿ ಸ್ಫೋಟಿಸಿತು. 2021ರ ಕಾನೂನು ತಿದ್ದುಪಡಿ ಹಳೆಯ ಆಡಳಿತ ತೀರ್ಮಾನಗಳನ್ನು ಪ್ರಶ್ನಿಸಲು 30 ವರ್ಷದ ಮಿತಿ ಹಾಕಿತು. ಅದರಿಂದ ಇಸ್ರೇಲ್ ಜೊತೆಗಿನ ಸಂಬಂಧ ಹದಗೆಟ್ಟಿತು. ಪೂರ್ಣವಾದ ಪರಿಹಾರ ಕಾನೂನು ಇನ್ನೂ ಬಂದಿಲ್ಲ.

ಮೂರನೆಯದು ಸಂಸ್ಕೃತಿ ಮತ್ತು ವಿಜ್ಞಾನ ಅರಮನೆ. ಸ್ಟಾಲಿನ್ ಕಾಲದ ಆ ಗೋಪುರವನ್ನು ಕೆಡವಬೇಕೆಂಬ ಕೂಗು ಈಗಲೂ ಆಗೀಗ ಏಳುತ್ತದೆ. ಅದರ ನಡುವೆಯೇ 2007ರಲ್ಲಿ ಅದು ಸಂರಕ್ಷಿತ ಸ್ಮಾರಕಗಳ ಪಟ್ಟಿ ಸೇರಿತು. 2024ರಲ್ಲಿ ಅದರ ಎದುರಿಗೇ ಆಧುನಿಕ ಕಲಾ ಸಂಗ್ರಹಾಲಯದ ಬಿಳಿ ಕಟ್ಟಡ ತೆರೆದಾಗ ಎರಡನ್ನೂ ಕುರಿತು ವಾದ ಮತ್ತೆ ಕಾವೇರಿತು. ಹೇರಿದ ಸ್ಮಾರಕ ಎಷ್ಟು ವರ್ಷಕ್ಕೆ ಊರಿನದಾಗುತ್ತದೆ ಎಂಬುದರಲ್ಲಿ ವಾರ್ಸಾದವರಿಗೇ ಒಮ್ಮತವಿಲ್ಲ.

ಕೊನೆಯದು ವಾರ್ಸಾದ ಗಡಿ ದಾಟಿದ್ದು. ಮೋಸ್ಟಾರ್‌ನ ಸೇತುವೆ 2004ರಲ್ಲಿ ಮರಳಿ ನಿಂತಿತು. ಡ್ರೆಸ್ಡೆನ್‌ನ ಫ್ರೌವೆನ್‌ಕಿರ್ಶೆ 2005ರಲ್ಲಿ ಎದ್ದಿತು. ಬಾಮಿಯಾನ್‌ನ ಬುದ್ಧರ ಗೂಡುಗಳು ಖಾಲಿಯಾಗಿಯೇ ಇವೆ. ಅಲೆಪ್ಪೊ ಮತ್ತು ಮೋಸುಲ್ ನಾಶವಾದ ಮೇಲೆ 2018ರಲ್ಲಿ ತಜ್ಞರು ವಾರ್ಸಾದಲ್ಲೇ ಸೇರಿ ಪರಂಪರೆಯ ಪುನರ್ನಿರ್ಮಾಣದ ಬಗ್ಗೆ ಶಿಫಾರಸುಗಳನ್ನು ಹೊರಡಿಸಿದರು. ಆ ಚರ್ಚೆಗೆ ಈಗ ಉಕ್ರೇನ್‌ನ ಊರುಗಳೂ ಸೇರಿವೆ. ವಾರ್ಸಾದ ಮಾದರಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು? ಬಚ್ಚಿಟ್ಟ ನಕ್ಷೆಗಳಿದ್ದರೆ ಸಾಕೇ, ಊರಿನವರು ಮರಳಿ ಬಂದಿರಲೇಬೇಕೇ? ಬಂದವರು ಒಂದು ಸಮುದಾಯದವರು ಮಾತ್ರವಾಗಿದ್ದರೆ ಯಾವ ಬೀದಿಯನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು, ಅದನ್ನು ತೀರ್ಮಾನಿಸುವವರು ಯಾರು? 2018ರ ಶಿಫಾರಸುಗಳು ಜನರನ್ನು ಕೇಳಿ ಕಟ್ಟಿ ಎನ್ನುತ್ತವೆ. ಕೇಳಬೇಕಾದವರೇ ಇಲ್ಲವಾದ ಮುರಾನೂಫ್‌ನಂಥ ನೆಲಕ್ಕೆ ಏನು ಮಾಡಬೇಕೆಂಬುದು ಅಲ್ಲಿಯೂ ಇತ್ಯರ್ಥವಾಗಿಲ್ಲ.